ರಸ್ತೆ ಬದಿ ಮಲಗುವವರ ಕೈಗೆ ಹಣ ಕೊಡುವುದು ಸರಿಯೇ, ತಪ್ಪೇ? ತುಮಕೂರಿನವರ ಅಭಿಪ್ರಾಯ ಬೇಕು

ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಬಳಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಸ್ ನಿಲ್ದಾಣದ ಹತ್ತಿರ ಹದಿನೇಳು ವರ್ಷಗಳಿಂದ ಜೆರಾಕ್ಸ್ ಮತ್ತು ನೋಟ್‌ಬುಕ್ಕಿನ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ಮನೆಯಲ್ಲಿ ಕೇಳಿದರೆ ಒಂದು ಉತ್ತರ, ಪಕ್ಕದ ಅಂಗಡಿಯಲ್ಲಿ ಕೇಳಿದರೆ ಇನ್ನೊಂದು ಉತ್ತರ ಬರುತ್ತದೆ. ಹಾಗಾಗಿ ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮ ಷಟರ್ ಮುಂದಿನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ರಾತ್ರಿ ಮಲಗುತ್ತಾರೆ. ಯಾವುದೋ ಸಮಾವೇಶ ಮುಗಿದ ಮೇಲೆ ಬಿಚ್ಚಿ ಬಿಸಾಡಿದ ಫ್ಲೆಕ್ಸ್ ಅವರ ಹಾಸಿಗೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅದನ್ನು ನಾಲ್ಕು ಮಡಿಕೆ ಮಾಡಿ, ಗೋಣಿಚೀಲದೊಳಗೆ ತುರುಕಿ, ಕಟ್ಟೆಯನ್ನು ಬರಿಗೈಯಿಂದಲೇ ಗುಡಿಸಿ ಪಕ್ಕಕ್ಕೆ ಸರಿದಿರುತ್ತಾರೆ. ನಾನು ದಿನವೂ ಒಂದು ಬನ್ನು, ಒಂದು ಟೀ ಕೊಡಿಸುತ್ತಿದ್ದೆ. ಹಣ ಮಾತ್ರ ಕೊಡುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ದೀಪಾವಳಿಯ ದಿನ, ಅಂಗಡಿ ಪೂಜೆ ಮುಗಿಸಿದ ಸಂತೋಷದಲ್ಲಿ, ಅದೇ ಸಾಲಿನಲ್ಲಿ ಮಲಗುತ್ತಿದ್ದ ಒಬ್ಬ ನಡುವಯಸ್ಸಿನವನಿಗೆ ಇನ್ನೂರು ರೂಪಾಯಿ ಕೊಟ್ಟಿದ್ದೆ. ಆ ರಾತ್ರಿ ಆತ ಕುಡಿದು, ಚರಂಡಿಯ ಚಪ್ಪಡಿ ಮೇಲೆ ಬಿದ್ದು ಹಣೆ ಒಡೆದುಕೊಂಡ. ಮಾರನೆಯ ಬೆಳಿಗ್ಗೆ ಹೊಲಿಗೆ ಹಾಕಿಸಲು ಆಟೋದಲ್ಲಿ ಕರೆದೊಯ್ದವನೂ ನಾನೇ. ಆ ಇನ್ನೂರು ರೂಪಾಯಿ ನನ್ನ ಕೈಯಿಂದ ಹೋಗಿರದಿದ್ದರೆ ಆತ ಬೀಳುತ್ತಿರಲಿಲ್ಲ ಎಂಬ ಮಾತು ಮನಸ್ಸಿನಿಂದ ಹೋಗಲೇ ಇಲ್ಲ. ಅಂದಿನಿಂದ ತಿನ್ನಲು ಕೊಡುವುದು, ಹಣ ಕೊಡದಿರುವುದು ಎಂದು ನಿಯಮ ಮಾಡಿಕೊಂಡೆ.

ಮೂರು ವಾರದ ಹಿಂದೆ ಒಂದು ಬೆಳಿಗ್ಗೆ ಅಜ್ಜಿ ಬನ್ನನ್ನು ಕೈಯಲ್ಲಿ ಹಿಡಿದು ತಿನ್ನದೆ ನಿಂತಿದ್ದರು. ಯಾಕೆಂದು ಕೇಳಿದೆ. "ಬನ್ನು ಬ್ಯಾಡ ಕಣಪ್ಪ, ಐದು ರೂಪಾಯಿ ಇದ್ರೆ ಕೊಡು. ಲೆಟ್ರಿನ್‌ಗೆ ಹೋಗ್ಬೇಕು. ರಾತ್ರಿಯಿಂದ ತಡ್ಕೊಂಡಿದೀನಿ" ಎಂದರು. ಅಲ್ಲಿ ಹಣ ಕೊಟ್ಟು ಬಳಸುವ ಶೌಚಾಲಯ ಇರುವುದು ನನಗೆ ಗೊತ್ತು, ನಾನೇ ದಿನಕ್ಕೆರಡು ಸಲ ಹೋಗುತ್ತೇನೆ. ಆದರೆ ಅಜ್ಜಿಗೂ ಅಲ್ಲಿ ಚಿಲ್ಲರೆ ಕೊಡಬೇಕಾಗುತ್ತದೆ ಎಂದು ಇಷ್ಟು ತಿಂಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಐದು ರೂಪಾಯಿ ಕೊಟ್ಟೆ, ಅವರು ಬನ್ನನ್ನು ನನ್ನ ಕೌಂಟರಿನ ಮೇಲೆ ಇಟ್ಟು ಓಡಿದರು.

ಬನ್ನು ಕೊಟ್ಟು ಧರ್ಮ ಮಾಡಿದೆ ಎಂದುಕೊಂಡಿದ್ದವನು ನಾನು. ಈಗ ಕೇಳುತ್ತಿದ್ದೇನೆ: ನೇರವಾಗಿ ಹಣ ಕೊಡುವುದು ಸರಿಯೇ? ಕೊಟ್ಟರೆ ಯಾರಿಗೆ, ಎಷ್ಟು? ಆ ಹಣ ಏನಾಯಿತು ಎಂದು ಕೇಳುವ ಹಕ್ಕು ಕೊಟ್ಟವನಿಗೆ ಇದೆಯೇ?

ಮಂಡಿಪೇಟೆ ವರ್ತಕ

ನಿಮ್ಮ ಮನಸ್ಸು ಒಳ್ಳೆಯದು, ಅದನ್ನು ಗೌರವಿಸುತ್ತೇನೆ. ಆದರೂ ಹಣ ಕೊಡಬಾರದು ಎಂಬುದೇ ನನ್ನ ಅಭಿಪ್ರಾಯ. ಮಂಗಳವಾರ, ಶುಕ್ರವಾರ ನಮ್ಮ ಅಂಗಡಿಗಳ ಮುಂದೆ ಸಾಲಾಗಿ ಬರುವವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಮನೆಯಿಲ್ಲ ಎಂಬುದನ್ನು ಯಾರೂ ಹೇಳಲಾರರು. ಹಸುಗೂಸನ್ನು ಬಿಸಿಲಿನಲ್ಲಿ ಹೊತ್ತು ತರುವವರನ್ನು ಕಂಡಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮಗು ಒಮ್ಮೆಯೂ ಅಳುವುದಿಲ್ಲ, ಹಾಗೇಕೆ ಎಂದು ಯೋಚಿಸಿದರೆ ಹೊಟ್ಟೆ ಕಲಸುತ್ತದೆ. ನಾವು ಹಾಕುವ ಹತ್ತು ರೂಪಾಯಿಯೇ ಆ ಮಗುವನ್ನು ನಾಳೆಯೂ ಬಿಸಿಲಿಗೆ ತರುತ್ತದೆ.

ಇಂದೋರಿನಲ್ಲಿ 2025ರ ಜನವರಿ 1ರಿಂದ ಭಿಕ್ಷೆ ಕೊಡುವವರ ಮೇಲೂ ಪ್ರಕರಣ ದಾಖಲಿಸುವ ಆದೇಶ ಹೊರಡಿಸಿದರು, ದೇವಸ್ಥಾನದ ಮುಂದೆ ಹತ್ತು ರೂಪಾಯಿ ಕೊಟ್ಟವರ ಮೇಲೆ ಎಫ್‌ಐಆರ್ ಆಗಿದ್ದೂ ಅದೇ ತಿಂಗಳಲ್ಲಿ ವರದಿಯಾಯಿತು. ಅಷ್ಟು ಕಠಿಣ ಬೇಡವೆನಿಸಿದರೂ, ಅದರ ಹಿಂದಿನ ಯೋಚನೆ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಕೊಡುವವರಿರುವ ತನಕ ಕೇಳುವವರಿರುತ್ತಾರೆ.

ಇನ್ನೊಂದು ಮಾತನ್ನು ಯಾರೂ ಗಮನಿಸುವುದಿಲ್ಲ. ಬೀದಿಯಲ್ಲಿ ಮಲಗುವವರ ಹತ್ತಿರ ಹಣವಿದೆ ಎಂದು ಗೊತ್ತಾದರೆ ರಾತ್ರಿ ಅವರನ್ನು ದೋಚುತ್ತಾರೆ. ನಮ್ಮ ಗೋದಾಮಿನ ಹಿಂದೆ ಮಲಗುತ್ತಿದ್ದ ಒಬ್ಬ ಮುದುಕನ ಸೊಂಟದ ಚೀಲವನ್ನು ಬ್ಲೇಡಿನಿಂದ ಕುಯ್ದುಕೊಂಡು ಹೋದರು, ಚರ್ಮವೂ ಸೀಳಿತ್ತು. ಕೊಟ್ಟ ಹಣವೇ ಅವರಿಗೆ ಅಪಾಯವಾದರೆ ಏನು ಹೇಳುತ್ತೀರಿ?

ನಿವೃತ್ತ ಶಿಕ್ಷಕಿ, ಕ್ಯಾತ್ಸಂದ್ರ

ಸಿದ್ಧಗಂಗೆಯ ನೆರಳಿನಲ್ಲೇ ಬೆಳೆದವಳು ನಾನು, ಆದ್ದರಿಂದ ಈ ವಿಷಯವನ್ನು ಹಣದಿಂದಲ್ಲ, ಅನ್ನದಿಂದ ಯೋಚಿಸುವುದು ನನ್ನ ಅಭ್ಯಾಸ. ಮಠದಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಉಣ್ಣುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಡಾ. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದ ದಿನ, ಅವರ ಅಂತಿಮ ದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರಿದಾಗಲೂ ದಾಸೋಹ ನಿಲ್ಲಲಿಲ್ಲ. ಈಗ ಆ ದಿನವನ್ನು ಸರ್ಕಾರವೇ ದಾಸೋಹ ದಿನವೆಂದು ಆಚರಿಸುತ್ತದೆ.

ದಾಸೋಹಕ್ಕೂ ಭಿಕ್ಷೆಗೂ ಇರುವ ವ್ಯತ್ಯಾಸವನ್ನು ನಾವು ಮರೆಯಬಾರದು. ಭಿಕ್ಷೆಯಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ಬಾಗುತ್ತಾನೆ, ಬಂದವನು ಪಂಕ್ತಿಯಲ್ಲಿ ಕುಳಿತವನು. ಶರಣರು ಕಾಯಕವನ್ನು ಎತ್ತಿ ಹಿಡಿದದ್ದೂ ಬೇಡಿ ಬದುಕುವ ಸ್ಥಿತಿ ಯಾರಿಗೂ ಬರಬಾರದೆಂದೇ. ಹೀಗಾಗಿ ಕೈಗೆ ನಾಣ್ಯ ಹಾಕುವುದು ನನಗೆ ಯಾವತ್ತೂ ಒಗ್ಗಿಲ್ಲ. ನಾನು ಊಟ ಕೊಡುತ್ತೇನೆ, ಹಳೆಯ ಸೀರೆ, ಕಂಬಳಿ ಕೊಡುತ್ತೇನೆ.

ಹೀಗೆ ಬರೆಯುತ್ತಿರುವಾಗಲೇ ನಿಮ್ಮ ಅಜ್ಜಿಯ ಐದು ರೂಪಾಯಿ ಅಡ್ಡ ಬಂತು. ಹೆಣ್ಣಾದ ನನಗೂ ಅದು ಹೊಳೆದಿರಲಿಲ್ಲ ಎಂಬುದು ನೋವಿನ ಸಂಗತಿ. ಇದರ ಬಗ್ಗೆ ಇನ್ನೂ ಯೋಚಿಸಿ ಬರೆಯುತ್ತೇನೆ.

ಹಳೆಯ ನಗರಸಭೆ ನೌಕರ

ಬೇರೊಂದು ಜಿಲ್ಲೆಯ ಸ್ಥಳೀಯ ಸಂಸ್ಥೆಯೊಂದರಲ್ಲಿ ಕಂದಾಯ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಕಾನೂನಿನ ಕಡೆಯಿಂದ ಒಂದೆರಡು ಮಾತು.

ನೀವೆಲ್ಲರೂ ಈಗಾಗಲೇ ಕೊಡುತ್ತಿದ್ದೀರಿ. ನಿಮ್ಮ ಮನೆ ಕಂದಾಯದ ರಸೀದಿಯನ್ನು ತೆಗೆದು ನೋಡಿ. ಆರೋಗ್ಯ ಕರ, ಗ್ರಂಥಾಲಯ ಕರದ ಸಾಲಿನಲ್ಲೇ ಭಿಕ್ಷುಕರ ಕರ ಎಂದು ಶೇಕಡಾ 3 ಇರುತ್ತದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದ ಪ್ರಕಾರ ಸಂಗ್ರಹವಾಗುವ ಆ ಹಣ ಕೇಂದ್ರ ಪರಿಹಾರ ಸಮಿತಿಗೆ ಹೋಗಿ, ಅದರಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯಬೇಕು. ಸಂಗ್ರಹಿಸಿದ್ದನ್ನು ಪೂರ್ತಿ ಕಳುಹಿಸದೆ ಬಾಕಿ ಉಳಿಸಿಕೊಳ್ಳುವ ರೋಗ ಸ್ಥಳೀಯ ಸಂಸ್ಥೆಗಳಲ್ಲಿ ಹಳೆಯದು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಕಾಯ್ದೆಯಲ್ಲಿ ಬೇಡುವುದು ಅಪರಾಧ, ಕೊಡುವುದಲ್ಲ. ಆದ್ದರಿಂದ ಅಂಗಡಿಯವರು ಆ ಭಯ ಬಿಡಲಿ.

ಬೇಡುವುದೇ ಅಪರಾಧ ಎಂಬ ಮಾತನ್ನು ನ್ಯಾಯಾಲಯಗಳು ಈಗ ಸುಲಭವಾಗಿ ಒಪ್ಪುತ್ತಿಲ್ಲ. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟು, ದೆಹಲಿಗೆ ಅನ್ವಯವಾಗುತ್ತಿದ್ದ 1959ರ ಬಾಂಬೆ ಕಾಯ್ದೆಯಲ್ಲಿ ಭಿಕ್ಷಾಟನೆಯನ್ನು ಅಪರಾಧವೆನ್ನುವ ವಿಧಿಗಳನ್ನು ರದ್ದುಪಡಿಸಿತು. 2021ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ ಭಿಕ್ಷುಕರನ್ನು ಬೀದಿಯಿಂದ ತೆರವು ಮಾಡಿಸಿ ಎಂಬ ಕೋರಿಕೆ ಬಂದಾಗ ಸುಪ್ರೀಂ ಕೋರ್ಟು, ಇದು ಬಡತನದಿಂದ ಹುಟ್ಟಿದ ಸಾಮಾಜಿಕ ಸಮಸ್ಯೆ, ಉಳ್ಳವರ ದೃಷ್ಟಿಯಿಂದ ನೋಡಲಾಗದು ಎಂದು ನಿರಾಕರಿಸಿತು. ವರ್ತಕರು ಇಂದೋರಿನ ಉದಾಹರಣೆ ಕೊಟ್ಟರು, ಅದರ ಜೊತೆಗೆ ಇವೆರಡನ್ನೂ ಇಟ್ಟು ನೋಡಬೇಕು.

ಇಷ್ಟೆಲ್ಲ ಹೇಳಿದರೂ ನನ್ನ ಸಲಹೆ ಹಣ ಕೊಡಿ ಎಂದಲ್ಲ. ಆಶ್ರಯ ಕೇಂದ್ರಕ್ಕೆ ಸೇರಿಸಿ ಎಂದು. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನ ವಸತಿರಹಿತರಿಗೆ ವರ್ಷವಿಡೀ ತೆರೆದಿರುವ ಆಶ್ರಯ ಇರಬೇಕೆಂದು ನಿಯಮ ಮಾಡಿದ್ದರು. ಇದು ಪೊಲೀಸರು ಹಿಡಿದೊಯ್ಯುವ ಪರಿಹಾರ ಕೇಂದ್ರವಲ್ಲ, ತಾವಾಗಿ ಬಂದು ಮಲಗಿ ಹೋಗುವ ಜಾಗ. ಇವೆರಡನ್ನೂ ಜನ ಒಂದೇ ಎಂದು ತಿಳಿದು ಹೆದರುತ್ತಾರೆ. ಹೆದರಿಕೆಗೂ ಕಾರಣವಿದೆ: 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತ ಸುದ್ದಿಯನ್ನು ಬೀದಿಯಲ್ಲಿರುವವರು ಇಂದಿಗೂ ಮರೆತಿಲ್ಲ.

ಅರ್ಥಶಾಸ್ತ್ರ ವಿದ್ಯಾರ್ಥಿ

ಕೊಟ್ಟ ಹಣವೆಲ್ಲ ಹೆಂಡಕ್ಕೆ ಹೋಗುತ್ತದೆಯೇ ಎಂಬುದನ್ನು ಅಳೆದು ನೋಡಿದವರಿದ್ದಾರೆ, ಆದ್ದರಿಂದ ಅದನ್ನು ಇಲ್ಲಿ ಹೇಳಬೇಕು ಅನ್ನಿಸಿತು. ಕೆನಡಾದ ವ್ಯಾಂಕೂವರ್ ನಗರದಲ್ಲಿ 2018ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಮನೆ ಕಳೆದುಕೊಂಡಿದ್ದ 50 ಜನರಿಗೆ ತಲಾ 7,500 ಕೆನಡಾ ಡಾಲರ್, ಅಂದರೆ ಆಗಿನ ನಮ್ಮ ಲೆಕ್ಕಕ್ಕೆ ಸುಮಾರು ನಾಲ್ಕು ಲಕ್ಷ ರೂಪಾಯಿಯನ್ನು ಒಂದೇ ಸಲಕ್ಕೆ, ಹೀಗೇ ಖರ್ಚು ಮಾಡಬೇಕೆಂಬ ಯಾವ ಷರತ್ತೂ ಇಲ್ಲದೆ ಕೊಟ್ಟರು. ಹಣ ಸಿಗದ 65 ಜನರ ಜೊತೆ ಹೋಲಿಸಿ ಒಂದು ವರ್ಷ ಗಮನಿಸಿದರು. ಹಣ ಪಡೆದವರು ಆ ವರ್ಷದಲ್ಲಿ 99 ದಿನ ಕಡಿಮೆ ಬೀದಿಪಾಲಾಗಿದ್ದರು. ಮದ್ಯ, ಮಾದಕ ವಸ್ತು, ತಂಬಾಕಿನ ಖರ್ಚು ಹೆಚ್ಚಲಿಲ್ಲ. ಅವರು ಆಶ್ರಯ ಕೇಂದ್ರದಲ್ಲಿ ಕಳೆಯಬೇಕಿದ್ದ ದಿನಗಳ ಸರ್ಕಾರಿ ವೆಚ್ಚ ಉಳಿದದ್ದನ್ನು ಲೆಕ್ಕ ಹಾಕಿದರೆ, ಕೊಟ್ಟ ಹಣಕ್ಕಿಂತ ಉಳಿತಾಯವೇ ಸ್ವಲ್ಪ ಹೆಚ್ಚಾಯಿತು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು.

ಪ್ರಾಮಾಣಿಕವಾಗಿ ಇನ್ನರ್ಧವನ್ನೂ ಹೇಳಬೇಕು. ಆ ಪ್ರಯೋಗಕ್ಕೆ ಆರಿಸಿಕೊಂಡವರು ಮನೆ ಕಳೆದುಕೊಂಡು ಎರಡು ವರ್ಷ ಮೀರದವರು. ತೀವ್ರ ಕುಡಿತದ ಚಟ ಅಥವಾ ತೀವ್ರ ಮಾನಸಿಕ ಕಾಯಿಲೆ ಇದ್ದವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಅಂಗಡಿಯವರು ಹೇಳಿದ ಆ ದೀಪಾವಳಿಯ ವ್ಯಕ್ತಿಗೆ ಇದು ಉತ್ತರವಲ್ಲ. ನಾಲ್ಕು ಲಕ್ಷವೂ ಹತ್ತು ರೂಪಾಯಿಯೂ ಒಂದೇ ಅಲ್ಲ. ನಾಲ್ಕು ಲಕ್ಷದಲ್ಲಿ ಮನೆಗೆ ಮುಂಗಡ ಕೊಡಬಹುದು. ಹತ್ತು ರೂಪಾಯಿಯಲ್ಲಿ ಇಂದಿರಾ ಕ್ಯಾಂಟೀನಿನ ಒಂದು ಊಟ ಸಿಗುತ್ತದೆ, ಅಷ್ಟೇ.

ನಮ್ಮ ರಾಜ್ಯದಲ್ಲೇ ಇದೇ ವಾದ ದೊಡ್ಡ ಪ್ರಮಾಣದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. 2023ರಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಸಿಗದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ಖಾತೆಗೆ ಹಾಕಿದಾಗ, ಗಂಡಸರು ಕುಡಿದು ಹಾಳು ಮಾಡುತ್ತಾರೆ ಎಂದವರು ಎಷ್ಟು ಜನ! ಅದೇ ವರ್ಷ ಗೃಹಲಕ್ಷ್ಮಿಯ 2,000 ರೂಪಾಯಿ ಬಂದಾಗಲೂ ಅದೇ ಮಾತು. ನಮ್ಮ ಅಮ್ಮ ಆ ಹಣದಲ್ಲಿ ಮೊದಲು ಮಾಡಿದ್ದು ಎರಡು ವರ್ಷದಿಂದ ಮುಂದೂಡುತ್ತಿದ್ದ ಕನ್ನಡಕ. ಆದರೆ ಷಟರ್ ಮುಂದೆ ಮಲಗುವ ಅಜ್ಜಿಗೆ ಇದರಲ್ಲಿ ಯಾವುದೂ ಬರುವುದಿಲ್ಲ, ಏಕೆಂದರೆ ಇವೆಲ್ಲವೂ ಪಡಿತರ ಚೀಟಿಯಿಂದ ಶುರುವಾಗುತ್ತವೆ, ಪಡಿತರ ಚೀಟಿ ವಿಳಾಸದಿಂದ ಶುರುವಾಗುತ್ತದೆ.

ವಾರ್ಡಿನ ನರ್ಸ್

ದೀಪಾವಳಿಯ ವ್ಯಕ್ತಿಯ ಬಗ್ಗೆ ಅಂಗಡಿಯವರು ತಮ್ಮನ್ನು ತಾವೇ ಹಳಿದುಕೊಳ್ಳುತ್ತಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಹದಿನೆಂಟು ವರ್ಷದಿಂದ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿದ್ದೇನೆ. ದಿನವೂ ಕುಡಿಯುವ ದೇಹಕ್ಕೆ ಮದ್ಯ ಒಮ್ಮೆಲೇ ನಿಂತರೆ ಮೊದಲು ಕೈನಡುಕ, ಒಂದೆರಡು ದಿನದಲ್ಲಿ ಫಿಟ್ಸ್, ಮೂರನೆಯ ದಿನದ ಹೊತ್ತಿಗೆ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು. ಕುಡಿಯಲು ಹಣ ಕೊಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನಾವು ಇಪ್ಪತ್ತು ರೂಪಾಯಿ ಕೊಡದೆ ಮುಂದೆ ಹೋದರೆ ಆತನ ಚಟ ಬಿಡಿಸಿದಂತೆ ಎಂದು ತಿಳಿಯುವುದು ತಪ್ಪು. ಚಟ ಬಿಡಿಸುವುದಕ್ಕೆ ಮಂಚ ಬೇಕು, ಮಾತ್ರೆ ಬೇಕು, ಪಕ್ಕದಲ್ಲಿ ಒಬ್ಬರು ಕೂರಬೇಕು. ನೀವು ಹಣೆಗೆ ಹೊಲಿಗೆ ಹಾಕಿಸಲು ಕರೆದೊಯ್ದಿರಿ, ಆ ದಿನ ಆತನಿಗೆ ಸಿಕ್ಕಿದ ನಿಜವಾದ ಸಹಾಯ ಅದೇ.

ಮಗುವಿನ ವಿಷಯದಲ್ಲಿ ವರ್ತಕರ ಮಾತು ನೂರಕ್ಕೆ ನೂರು ಸರಿ. ಮಗುವಿನ ಕೈಗೆ, ಮಗುವನ್ನು ತೋರಿಸಿ ಕೇಳುವವರ ಕೈಗೆ ನಾನು ಹಣ ಕೊಡುವುದಿಲ್ಲ. ಅಂಥ ಕಡೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಕ್ಕಳನ್ನು ಭಿಕ್ಷಾಟನೆಗೆ ಬಳಸಿದರೆ 2015ರ ಬಾಲನ್ಯಾಯ ಕಾಯ್ದೆಯ 76ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಮತ್ತು ಒಂದು ಲಕ್ಷ ರೂಪಾಯಿ ದಂಡವಿದೆ. ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತ, ಮೈಮೇಲೆ ಬಟ್ಟೆಯ ಪರಿವೆಯಿಲ್ಲದೆ ತಿರುಗುವವರನ್ನು ಕಂಡರೂ ಹಣ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅಂಥವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. 112ಕ್ಕೆ ಕರೆ ಮಾಡಿ, ಅವರು ಬರುವ ತನಕ ಅಲ್ಲೇ ಇರಿ.

ವಿದ್ಯಾರ್ಥಿ ಹೇಳಿದ ವಿಳಾಸದ ಮಾತಿಗೆ ನನ್ನದೊಂದು ಸೇರ್ಪಡೆ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಆ ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ರೈಲು ನಿಲ್ದಾಣದ ಹೊರಗೆ ಮಲಗುತ್ತಿದ್ದ ಒಬ್ಬ ರೋಗಿಗೆ ಖಾತೆಯೇ ಇರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿದ. ಒಂದು ತಿಂಗಳ ಹಣವೂ ಬರಲಿಲ್ಲ. ಅವನಿಗೆ ಮೊಟ್ಟೆ ತೆಗೆದುಕೊಳ್ಳಲು ನಮ್ಮ ವಾರ್ಡಿನವರು ಹಣ ಹಾಕಿ ಅವನ ಕೈಗೇ ಕೊಟ್ಟೆವು. ಮೊಟ್ಟೆ ತಿಂದನೋ ಇಲ್ಲವೋ ಎಂದು ನಾವು ಕೇಳಲಿಲ್ಲ. ತೂಕ ಏರಿತು.

ಪಾವಗಡದ ಗಾರೆ ಕೆಲಸದವನು

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಲೋ ಬೇಡವೋ ಎಂದು ಅನುಮಾನಿಸುತ್ತಿದ್ದೆ. ನಾನು ತುಮಕೂರಿನ ಬಸ್ ನಿಲ್ದಾಣದಲ್ಲಿ ನಾಲ್ಕು ತಿಂಗಳು ಮಲಗಿದವನು. ಸತತವಾಗಿ ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಸಾಲ ಬೆಳೆದು, ಮನೆಯಲ್ಲಿ ಮಾತು ಬೆಳೆದು ಊರು ಬಿಟ್ಟಿದ್ದೆ. ಗಾರೆ ಕೆಲಸ ಬರುತ್ತಿತ್ತು. ಬಂದ ಮೂರನೆಯ ರಾತ್ರಿಯೇ ಕರಣೆ, ತೂಕದ ಗುಂಡು, ಬಟ್ಟೆ ಇದ್ದ ಚೀಲ ಕಳುವಾಯಿತು. ಸಾಮಾನಿಲ್ಲದವನನ್ನು ಮೇಸ್ತ್ರಿ ಕರೆಯುವುದಿಲ್ಲ, ಕರೆದರೂ ಕಲ್ಲು ಮಣ್ಣು ಹೊರುವ ಕೂಲಿಗೆ.

ಜನ ಕೆಟ್ಟವರಲ್ಲ. ನನಗೆ ಬಿಸ್ಕತ್ತು ಕೊಟ್ಟರು, ಪುಳಿಯೋಗರೆ ಕೊಟ್ಟರು, ಹುಟ್ಟುಹಬ್ಬದ ಕೇಕನ್ನೂ ಕೊಟ್ಟರು. ಒಂದು ಭಾನುವಾರ ನನ್ನ ಹತ್ತಿರ ಹನ್ನೊಂದು ಬಿಸ್ಕತ್ತು ಪೊಟ್ಟಣ ಇದ್ದವು. ಮಗಳಿಗೆ ಜ್ವರವೆಂದು ಊರಿನಿಂದ ಬಂದ ಒಬ್ಬರು ಹೇಳಿದ್ದರು, ಫೋನಿಗೆ ರೀಚಾರ್ಜ್ ಮಾಡಿಸಲು ನನ್ನ ಹತ್ತಿರ ಹಣವಿರಲಿಲ್ಲ. ಪೊಟ್ಟಣಗಳನ್ನು ಅಂಗಡಿಗೆ ಒಯ್ದು, ಅರ್ಧ ಬೆಲೆಗೆ ತೆಗೆದುಕೊಳ್ಳಿ ಎಂದೆ. ಕದ್ದದ್ದೆಂದು ತಿಳಿದು ಬೈದು ಕಳುಹಿಸಿದರು. ಆ ದಿನ ನನಗೆ ಆದ ಅವಮಾನವನ್ನು ಇಂದಿಗೂ ಹೆಂಡತಿಗೆ ಹೇಳಿಲ್ಲ.

ಕೊನೆಗೆ ಒಬ್ಬರು, ಅವರ ಹೆಸರೂ ನನಗೆ ಗೊತ್ತಿಲ್ಲ, ಪಕ್ಕದಲ್ಲಿ ಬಸ್ಸಿಗೆ ಕಾಯುತ್ತ ಕುಳಿತಿದ್ದವರು, "ನಿಮ್ಮದು ಯಾವೂರು, ಏನು ಕೆಲಸ ಬರುತ್ತೆ?" ಎಂದು ಕೇಳಿದರು. ನಾಲ್ಕು ತಿಂಗಳಲ್ಲಿ ಹಾಗೆ ಕೇಳಿದ ಮೊದಲನೆಯವರು ಅವರೇ. ಹೇಳಿದೆ. ಏಳುವಾಗ ಐನೂರರ ಒಂದು ನೋಟು ಕೊಟ್ಟು, ಕರಣೆ ತಗೊಳ್ಳಿ ಎಂದೂ ಹೇಳದೆ, ಊರಿಗೆ ಹೋಗಿ ಎಂದೂ ಹೇಳದೆ ಬಸ್ಸು ಹತ್ತಿದರು. ನಾನು ಆ ಹಣದಲ್ಲಿ ಮೊದಲು ರೀಚಾರ್ಜ್ ಮಾಡಿಸಿದೆ, ಆಮೇಲೆ ಕ್ಷೌರ ಮಾಡಿಸಿ ಸ್ನಾನ ಮಾಡಿದೆ, ಉಳಿದುದರಲ್ಲಿ ಹಳೆಯ ಕರಣೆ ಕೊಂಡೆ. ಒಂದು ಕಟ್ಟು ಬೀಡಿಯನ್ನೂ ಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಕ್ಷೌರವಾಗಿರದಿದ್ದರೆ ಬರಿ ಕರಣೆ ನೋಡಿ ಮೇಸ್ತ್ರಿ ನನ್ನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ. ಯಾರಾದರೂ ಪುಣ್ಯಾತ್ಮರು ನನಗೆ ಕರಣೆಯನ್ನೇ ಕೊಡಿಸಿದ್ದರೆ ಕ್ಷೌರಕ್ಕೆ ಹಣ ಎಲ್ಲಿಂದ ತರುತ್ತಿದ್ದೆ?

ನಗರಸಭೆಯವರು ಆಶ್ರಯ ಕೇಂದ್ರವೆಂದರು. ಸಾರ್, ನನಗೆ ಅಂಥದೊಂದು ಇದೆ ಎಂದು ಯಾರೂ ಹೇಳಿರಲಿಲ್ಲ. ಇದ್ದರೂ ಸಂಜೆ ಇಷ್ಟು ಹೊತ್ತಿಗೆ ಒಳಗಿರಬೇಕೆಂದರೆ, ರಾತ್ರಿ ಮಂಡಿಯಲ್ಲಿ ಲಾರಿ ಇಳಿಸುವ ಕೆಲಸಕ್ಕೆ ಹೋಗುವವರು ಏನು ಮಾಡಬೇಕು? ಗಂಡ ಹೆಂಡತಿ ಮಕ್ಕಳಿರುವವರು ಬೇರೆ ಬೇರೆ ಮಲಗಬೇಕೇ? ಇವನ್ನು ಆಕ್ಷೇಪಣೆಗೆಂದು ಕೇಳುತ್ತಿಲ್ಲ, ನನ್ನ ಜೊತೆ ಮಲಗುತ್ತಿದ್ದವರು ಹೇಳುತ್ತಿದ್ದ ಮಾತುಗಳು ಇವು.

ಹಳೆಯ ನಗರಸಭೆ ನೌಕರ

ಆಕ್ಷೇಪಣೆಯಾದರೂ ನಾನು ಕೇಳಿಸಿಕೊಳ್ಳಬೇಕಾದದ್ದೇ. ನಿಯಮದ ಪುಸ್ತಕದಲ್ಲಿ ಕುಟುಂಬದವರಿಗೆ, ಹೆಂಗಸರಿಗೆ ಪ್ರತ್ಯೇಕ ಆಶ್ರಯ ಇರಬೇಕೆಂದಿದೆ. ಇರುವುದಕ್ಕೂ ಇರಬೇಕಾದುದಕ್ಕೂ ನಡುವಿನ ಅಂತರವನ್ನು ಸೇವೆಯಲ್ಲಿದ್ದಾಗ ನಾನೂ ಕಡತದಲ್ಲೇ ಮುಚ್ಚಿದ್ದೇನೆ.

ನಿವೃತ್ತ ಶಿಕ್ಷಕಿ, ಕ್ಯಾತ್ಸಂದ್ರ

ಪಾವಗಡದವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಯೋಚಿಸಿ ಬರೆಯುತ್ತೇನೆ ಎಂದಿದ್ದೆನಲ್ಲ, ನನಗೆ ತೋಚಿದ್ದು ಇಷ್ಟು. ದಾಸೋಹದಲ್ಲಿ ಊಟಕ್ಕೆ ಬಂದವನನ್ನು ನೀನು ಯಾರು, ಯಾಕೆ ದುಡಿಯಲಿಲ್ಲ, ಉಂಡ ಮೇಲೆ ಏನು ಮಾಡುತ್ತೀಯ ಎಂದು ಕೇಳುವ ಪದ್ಧತಿಯಿಲ್ಲ. ಅದೇ ಅದರ ಹಿರಿಮೆ. ಹಣ ಕೊಡುವಾಗ ಮಾತ್ರ ನಾವು ಅಷ್ಟೂ ಪ್ರಶ್ನೆಗಳನ್ನು ಕೇಳುತ್ತೇವೆ. ಬಾಯಲ್ಲಿ ಕೇಳದಿದ್ದರೂ ಮನಸ್ಸಿನಲ್ಲಿ ಕೇಳುತ್ತೇವೆ. ಅನ್ನ ಕೊಡುವುದು ಶ್ರೇಷ್ಠ ಎಂದು ಇಷ್ಟು ವರ್ಷ ನಂಬಿದ್ದೆ. ಅನ್ನವಾದರೆ ಏನಾಯಿತೆಂಬ ಚಿಂತೆ ನನಗಿರುವುದಿಲ್ಲ ಎಂಬ ಕಾರಣಕ್ಕೂ ಅದನ್ನು ಆರಿಸಿಕೊಂಡಿದ್ದೆನೇನೋ ಎಂದು ಈಗ ಅನ್ನಿಸುತ್ತಿದೆ. ಹಸಿದವನಿಗೆ ಅನ್ನ ಬೇಕು, ಅದು ಸುಳ್ಳಲ್ಲ. ಆದರೆ ಬೀದಿಯಲ್ಲಿರುವವರಿಗೆ ಹಸಿವೊಂದೇ ಇರುವುದಿಲ್ಲ. ನನಗೆ ಮುಟ್ಟಿನ ದಿನಗಳು ಕಳೆದು ಬಹಳ ವರ್ಷಗಳಾದವು, ಬೀದಿಯಲ್ಲಿರುವ ಹೆಣ್ಣುಮಕ್ಕಳಿಗೆ ಆ ದಿನಗಳಲ್ಲಿ ನನ್ನ ಪುಳಿಯೋಗರೆಯಿಂದ ಏನಾದೀತು?

ಮಂಡಿಪೇಟೆ ವರ್ತಕ

ಗಾರೆಯವರ ಮಾತಿನ ಮುಂದೆ ವಾದ ಹೂಡಲು ನನಗೆ ಮನಸ್ಸಿಲ್ಲ. ಬಿಸ್ಕತ್ತು ಪೊಟ್ಟಣ ಹಿಡಿದು ನಮ್ಮ ಅಂಗಡಿಗೆ ಬಂದಿದ್ದರೆ ನಾನೂ ಬೈದೇ ಕಳುಹಿಸುತ್ತಿದ್ದೆ, ಅದು ನಿಜ.

ಆದರೂ ನನ್ನ ಎರಡು ಭಯ ಹಾಗೇ ಉಳಿದಿವೆ. ಮಕ್ಕಳ ವಿಷಯದಲ್ಲಿ ಸಿಸ್ಟರ್ ಒಪ್ಪಿದ್ದಾರೆ. ಎರಡನೆಯದು ದೋಚುವವರ ಭಯ. ಐನೂರು ಕೊಟ್ಟವರು ಬೆಳಗಿನ ಹೊತ್ತು ಕೊಟ್ಟಿರಬೇಕು, ಗಾರೆಯವರು ಅಂದೇ ಖರ್ಚು ಮಾಡಿರಬೇಕು. ಸಂಜೆ ಕೊಟ್ಟಿದ್ದರೆ? ಷಟರ್ ಮುಂದಿನ ಅಜ್ಜಿಗೆ ನೀವು ಹಣ ಕೊಡುತ್ತೀರಿ ಎಂದು ಆ ಸಾಲಿನಲ್ಲಿ ಗೊತ್ತಾದರೆ ಅವರನ್ನು ಕಾಯುವವರು ಯಾರು?

ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಬಳಿ

ಎಲ್ಲರಿಗೂ ಕೃತಜ್ಞತೆ. ವರ್ತಕರ ಪ್ರಶ್ನೆಗೆ ಉತ್ತರ ಅಜ್ಜಿಯೇ ಕಂಡುಕೊಂಡಿದ್ದಾರೆ, ಅದನ್ನು ಹೇಳಬೇಕು.

ಆ ದಿನದ ನಂತರ ನಾನು ಬನ್ನಿನ ಬದಲು ಬೆಳಿಗ್ಗೆ ಇಪ್ಪತ್ತು ರೂಪಾಯಿ ಕೊಡತೊಡಗಿದೆ. ಐದನೆಯ ದಿನವೋ ಆರನೆಯ ದಿನವೋ ಅವರು ಹತ್ತು ರೂಪಾಯಿಯನ್ನು ವಾಪಸು ನೀಡಿ, "ಇದು ನಿನ್ ಹತ್ರನೇ ಇರ್ಲಿ, ರಾತ್ರಿ ಕಿತ್ಕೊಂತಾರೆ" ಎಂದರು. ಅಂದಿನಿಂದ ಅವರು ಉಳಿಸಿದ್ದನ್ನು ನನ್ನ ಹತ್ತಿರ ಕೊಡುತ್ತಾರೆ, ದೇವಸ್ಥಾನದ ಮುಂದೆ ಬಂದದ್ದನ್ನೂ ತರುತ್ತಾರೆ. ಹಳೆಯ ಡೈರಿಯ ಒಂದು ಪುಟದಲ್ಲಿ ಬರೆದಿಡುತ್ತೇನೆ. ಓದು ಬರದಿದ್ದರೂ ಪ್ರತಿದಿನ ಡೈರಿ ತೆರೆಸಿ, ನಾನು ಬರೆಯುವ ತನಕ ಕೌಂಟರಿನ ಅಂಚು ಹಿಡಿದು ನಿಂತು ನೋಡುತ್ತಾರೆ. ಬರೆದ ಮೇಲೆ ಅಂಕಿಯ ಮೇಲೆ ಒಮ್ಮೆ ಬೆರಳಿಟ್ಟು ಹೋಗುತ್ತಾರೆ.

ಕಳೆದ ಸೋಮವಾರ ಒಟ್ಟು ಮುನ್ನೂರ ನಲವತ್ತು ರೂಪಾಯಿ ಆಗಿತ್ತು. ಬೆಳಿಗ್ಗೆ ಬಂದು ಅಷ್ಟನ್ನೂ ಕೊಡು ಎಂದರು. ನನ್ನ ಬಾಯಿಂದ ತಕ್ಷಣ ಬಂದ ಮಾತು "ಯಾಕಜ್ಜಿ?" ಎಂದು. ಅವರು ಉತ್ತರ ಹೇಳಲಿಲ್ಲ, ನನ್ನ ಮುಖವನ್ನೇ ನೋಡಿದರು. ಬ್ಯಾಂಕಿನಲ್ಲಿ ನನ್ನ ಹಣ ತೆಗೆಯುವಾಗ ಯಾರಾದರೂ ಹಾಗೆ ಕೇಳಿದ್ದರೆ ನನಗೆ ಏನನ್ನಿಸುತ್ತಿತ್ತೋ ಅದು ಅವರ ಮುಖದಲ್ಲಿತ್ತು. ಎಣಿಸಿ ಕೊಟ್ಟೆ. ಆ ಹಣ ಏನಾಯಿತೆಂದು ನನಗೆ ಗೊತ್ತಿಲ್ಲ, ಇನ್ನು ಕೇಳುವುದೂ ಇಲ್ಲ. ನಾನು ಮೊದಲ ಬರಹದ ಕೊನೆಯಲ್ಲಿ ಕೇಳಿದ ಪ್ರಶ್ನೆಗೆ, ಅಂದರೆ ಕೊಟ್ಟವನಿಗೆ ಕೇಳುವ ಹಕ್ಕಿದೆಯೇ ಎಂಬುದಕ್ಕೆ, ನನ್ನ ಮಟ್ಟಿಗೆ ಉತ್ತರ ಸಿಕ್ಕಿತು.

ಆದರೆ ದಿನಕ್ಕೆ 20 ರೂಪಾಯಿ ಕೊಟ್ಟುಕೊಂಡು ಎಷ್ಟು ದಿನ? ನಾನು ಒಂದು ವಾರ ಅಂಗಡಿ ಮುಚ್ಚಿದರೆ ಏನು? ಅವರಿಗೆ ಎಪ್ಪತ್ತು ದಾಟಿರಬೇಕು. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆಂದು ಗೊತ್ತು. ಅದಕ್ಕೆ ಆಧಾರ್ ಬೇಕು, ವಯಸ್ಸಿನ ದಾಖಲೆ ಬೇಕು, ಖಾತೆ ಬೇಕು. ಇವು ಯಾವುವೂ ಅವರ ಹತ್ತಿರ ಇಲ್ಲ. ಇದಕ್ಕೆ ದಾರಿ ಇದೆಯೇ?

ಹಳೆಯ ನಗರಸಭೆ ನೌಕರ

ಇದೆ. ವಿಳಾಸದ ದಾಖಲೆ ಇಲ್ಲದವರಿಗೆ ಗೆಜೆಟೆಡ್ ಅಧಿಕಾರಿ ಅಥವಾ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಆಧಾರ್‌ಗೆ ನಡೆಯುತ್ತದೆ. ಆಮೇಲೆ ಶೂನ್ಯ ಶಿಲ್ಕಿನ ಜನಧನ್ ಖಾತೆ, ಆಮೇಲೆ ನಾಡಕಚೇರಿಯಲ್ಲಿ ಪಿಂಚಣಿಯ ಅರ್ಜಿ. ಒಂದೇ ದಿನದ ಕೆಲಸವಲ್ಲ, ನಾಲ್ಕೈದು ಸಲ ಓಡಾಡಬೇಕು. ನನಗೆ ಸಮಯವಿದೆ. ಯಾವ ಮೇಜಿನ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬುದೂ ಗೊತ್ತಿದೆ. ಸೋಮವಾರ ಹತ್ತೂವರೆಗೆ ನಿಮ್ಮ ಅಂಗಡಿಯ ಹತ್ತಿರ ಬರುತ್ತೇನೆ.

ವಾರ್ಡಿನ ನರ್ಸ್

ವಯಸ್ಸಿನ ದಾಖಲೆಗೆ ಸರ್ಕಾರಿ ವೈದ್ಯರು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಬರುವ ಮುನ್ನ ತಿಳಿಸಿ, ಹೊರರೋಗಿ ಚೀಟಿ ಮಾಡಿಸಿಟ್ಟಿರುತ್ತೇನೆ. ಅವರ ರಕ್ತದೊತ್ತಡವನ್ನೂ ಒಮ್ಮೆ ನೋಡಿಬಿಡೋಣ.

ನಿವೃತ್ತ ಶಿಕ್ಷಕಿ, ಕ್ಯಾತ್ಸಂದ್ರ

ಆಟೋ ಖರ್ಚು ನನ್ನದು. ಜೊತೆಯಲ್ಲಿ ಒಬ್ಬ ಹೆಂಗಸು ಇದ್ದರೆ ಒಳ್ಳೆಯದು, ಆದ್ದರಿಂದ ನಾನೂ ಬರುತ್ತೇನೆ.

ಪಾವಗಡದ ಗಾರೆ ಕೆಲಸದವನು

ಅಣ್ಣ, ಇದನ್ನೆಲ್ಲ ಅಜ್ಜಿಯನ್ನು ಕೇಳಿದ್ದೀರಾ?

ಜೆರಾಕ್ಸ್ ಅಂಗಡಿ, ಬಸ್ ನಿಲ್ದಾಣದ ಬಳಿ

ಇಲ್ಲ, ಕೇಳಿಲ್ಲ. ಬೆಳಿಗ್ಗೆ ಡೈರಿ ತೆರೆದಾಗ ಕೇಳುತ್ತೇನೆ. ಅವರು ಏನು ಹೇಳುತ್ತಾರೋ ನೋಡಿ ಇಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ಯಾರೂ ಸೋಮವಾರದ ರಜೆ ಹಾಕಬೇಡಿ.